ಹಸಿರು ಕಂಡದ್ದೆಲ್ಲ ಕಾಡಲ್ಲ ಮಾರಾಯ್ರೇ

ಮೊನ್ನೆ ಭಾನುವಾರ ಸಿದ್ದಾಪುರದ ಹತ್ತಿರ ನೆಂಟರ ಮನೆಯಲ್ಲಿ ಸತ್ಯನಾರಾಯಣ ಕಥೆ. ಊಟ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಎಲೆಅಡಿಕೆಯ ಕವಳ ಹಾಕಿ ಕೂತಿದ್ದೆವು. ಭಾವನೊಬ್ಬ ಫೋನು ತಂದು ನನ್ನ ಮೂಗಿಗೆ ಹಿಡಿದ. "ನೋಡಾ, ಹಸ್ರು ಜಾಸ್ತಿ ಆಯ್ದಡ. ನಾಸಾದವ್ವೇ ಹೇಳಿದ್ವಡ. ಇನ್ನು ನಿಮ್ಮ ಪರಿಸರದವು ಬಾಯಿ ಮುಚ್ಚಲಿ." ಫೋನಿನಲ್ಲಿ ಭಾರತದ ನಕ್ಷೆ, ಗಿಳಿಹಸಿರು ಬಣ್ಣ ಬಳಿದದ್ದು. ಕೆಳಗೆ ಕೈಮುಗಿದ ಎಮೋಜಿ, ತ್ರಿವರ್ಣ ಧ್ವಜ, ಹದಿನೆಂಟು ಜನಕ್ಕೆ ಕಳಿಸಿ ಅನ್ನುವ ಆಜ್ಞೆ.

ನನಗೆ ಸಿಟ್ಟು ಬಂತು. ಹೋಳಿಗೆ ಹೊಟ್ಟೆಯಲ್ಲಿದ್ದಾಗ ಸಿಟ್ಟು ಮಾಡಬಾರದು ಅಂತ ಅಮ್ಮ ಹೇಳುತ್ತಿದ್ದಳು, ಅದಕ್ಕೆ ಅಲ್ಲಿ ಸುಮ್ಮನಿದ್ದೆ. ಇಲ್ಲಿ ಬರೆಯುತ್ತಿದ್ದೇನೆ. ಭಾವ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ, ಓದಲಿ.

ಆ ಫಾರ್ವರ್ಡಿಗೆ ಒಂದು ಅಸಲಿ ಮೂಲ ಇದೆ, ಅದೇ ಬೇಜಾರು. ನಾಸಾದ ಟೆರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣ 2000ರಿಂದ 2017ರವರೆಗೆ ತೆಗೆದ ಚಿತ್ರಗಳ ಮೇಲೆ ನಡೆದ ಅಧ್ಯಯನವೊಂದು 2019ರ ಫೆಬ್ರವರಿಯಲ್ಲಿ ಬಂತು. ಭೂಮಿಯ ಮೇಲಿನ ಎಲೆಗಳ ಒಟ್ಟು ವಿಸ್ತೀರ್ಣ ಶೇ. 5ರಷ್ಟು ಹೆಚ್ಚಿದೆ, ಆ ಹೆಚ್ಚಳದ ಮೂರನೇ ಒಂದು ಭಾಗ ಚೀನಾ ಮತ್ತು ಭಾರತದ್ದೇ. ಇಲ್ಲಿಗೆ ಫಾರ್ವರ್ಡು ನಿಲ್ಲುತ್ತದೆ. ಅಧ್ಯಯನ ನಿಲ್ಲುವುದಿಲ್ಲ. ಭಾರತದ ಹಸಿರಿನ ಹೆಚ್ಚಳದಲ್ಲಿ ಶೇ. 82 ಬಂದದ್ದು ಹೊಲಗದ್ದೆಯಿಂದ, ಕಾಡಿನ ಪಾಲು ಶೇ. 4.4 ಅಂತ ಅದೇ ಪ್ರಬಂಧದಲ್ಲಿದೆ. ಅಂದರೆ ವರ್ಷಕ್ಕೆ ಒಂದು ಬೆಳೆ ಇದ್ದಲ್ಲಿ ಎರಡು, ಎರಡಿದ್ದಲ್ಲಿ ಮೂರು. ಗೊಬ್ಬರ, ನಾಲೆ, ಬೋರ್‌ವೆಲ್. ಪಾತಾಳದ ನೀರು ಎತ್ತಿ ಬೆಳೆದ ಹಸಿರನ್ನು ಆಕಾಶದಿಂದ ನೋಡಿ ನಾವು ಧ್ವಜ ಹಾರಿಸುತ್ತಿದ್ದೇವೆ.

ನಿಮಗೆಲ್ಲ ಗೊತ್ತೇ ಇದೆ, ನಾನು ಹನ್ನೆರಡು ವರ್ಷ ಕೂಳು ತಿಂದದ್ದು ಈ ಚಿತ್ರಗಳನ್ನು ನೋಡಿಯೇ. ಹಾಗಾಗಿ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಕಾಡು ಹಸಿರಲ್ಲ, ಕೆಂಪು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ನುಂಗಿಕೊಂಡು ನಮ್ಮ ಕಣ್ಣಿಗೆ ಕಾಣದ ಅವಗೆಂಪನ್ನು ಜೋರಾಗಿ ವಾಪಸು ಎಸೆಯುತ್ತದೆ. ಆ ಕಾಣದ ಬೆಳಕಿಗೆ ಪರದೆಯ ಮೇಲೆ ಕೆಂಪು ಬಣ್ಣ ಕೊಡುವುದು ನಮ್ಮ ರೂಢಿ. ಅವಗೆಂಪಿನಲ್ಲಿ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎನ್‌ಡಿವಿಐ. ಹೈಸ್ಕೂಲು ಲೆಕ್ಕ. ಒಂದರ ಹತ್ತಿರ ಹೋದಷ್ಟೂ ಎಲೆ ದಟ್ಟ. ಎಲೆ ಯಾರದ್ದು ಅಂತ ಆ ಸಂಖ್ಯೆ ಕೇಳುವುದಿಲ್ಲ. ನೀರುಂಡು ನಿಂತ ಅಡಿಕೆ ತೋಟ, ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ, ನಾನೂರು ವರ್ಷದ ದೇವರಕಾಡು, ಮೂರೂ ಅದರ ಲೆಕ್ಕದಲ್ಲಿ ಅಣ್ಣತಮ್ಮಂದಿರು.

ಉಪಗ್ರಹದ ತಪ್ಪಲ್ಲ ಇದು. ಅದು ಕಂಡದ್ದನ್ನು ಕಂಡಹಾಗೆ ಹೇಳುವ ಪಾಪದ ಪ್ರಾಣಿ. ಕಂಡದ್ದಕ್ಕೆ ಹೆಸರಿಡುವವರು ಕೆಳಗೆ ಫ್ಯಾನಿನಡಿ ಕೂತಿರುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ದೇಶದ ಕಾಡಿನ ಲೆಕ್ಕ ಕೊಡುತ್ತದೆ. ಅವರ ಪ್ರಕಾರ ಒಂದು ಹೆಕ್ಟೇರಿಗೆ ಕಮ್ಮಿಯಿಲ್ಲದ ಜಾಗದಲ್ಲಿ ಮರದ ಕೊಡೆ ಶೇ. 10ರಷ್ಟು ನೆಲ ಮುಚ್ಚಿದರೆ ಅದು 'ಅರಣ್ಯ ಹೊದಿಕೆ'. ಜಾಗ ಯಾರದ್ದಾದರೂ ಆಗಲಿ, ಕಾನೂನಿನಲ್ಲಿ ಅದು ಏನಾದರೂ ಆಗಿರಲಿ, ಮರ ಯಾವುದಾದರೂ ಇರಲಿ. ಹಣ್ಣಿನ ತೋಪು, ಬಿದಿರು, ತಾಳೆಜಾತಿ ಎಲ್ಲ ಸೇರಿತು. ನಮ್ಮ ಭಾವನ ಎರಡೂವರೆ ಎಕರೆ ಅಡಿಕೆ ತೋಟಕ್ಕೆ ಅರಣ್ಯ ಆಗಲು ಬೇಕಾದ ಎಲ್ಲ ಅರ್ಹತೆಯೂ ಇದೆ. ಅವನಿಗೇ ಗೊತ್ತಿಲ್ಲ, ಹುಲಿ ಬಂದರೆ ಕವಳ ಕೊಟ್ಟು ಕೂರಿಸಬೇಕು.

ಚಿತ್ರದ ಹರಿತವೂ ನೋಡಿ. ಈ ಲೆಕ್ಕಕ್ಕೆ ಬಳಸುವ ನಮ್ಮ ಉಪಗ್ರಹದ ಲಿಸ್-3 ಕ್ಯಾಮೆರಾದ ಒಂದು ಚುಕ್ಕಿ ನೆಲದ ಮೇಲೆ 23.5 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಐದೂವರೆ ಗುಂಟೆ, ಎಪ್ಪತ್ತು ಎಂಬತ್ತು ಅಡಿಕೆ ಮರ ಹಿಡಿಯುವಷ್ಟು ಜಾಗ. ಅಷ್ಟಕ್ಕೂ ಸೇರಿ ಒಂದೇ ಬಣ್ಣ. ಇನ್ನು ಚಿತ್ರ ಆರಿಸುವುದು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರಿನ ನಡುವೆ, ಮೋಡ ಕಳೆದ ಮೇಲೆ. ಒಪ್ಪೋಣ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಚಿತ್ರ ತೆಗೆದರೆ ಹತ್ತಿ ಮೂಟೆ ಬಿಟ್ಟು ಬೇರೇನೂ ಕಾಣದು. ಆದರೆ ಮಳೆ ಮುಗಿದ ಆ ಮೂರು ತಿಂಗಳು ನಮ್ಮಲ್ಲಿ ಬೇಲಿಗೂಟವೂ ಚಿಗುರಿರುತ್ತದೆ! ಶಿವರಾತ್ರಿ ಹೊತ್ತಿಗೆ ಬಂದು ನೋಡಿ. ಮತ್ತಿ, ಹೊನ್ನೆ, ನಂದಿ ಎಲ್ಲ ಎಲೆ ಉದುರಿಸಿ ಬೋಳಾಗಿರುತ್ತವೆ, ನೀರು ಕುಡಿಸಿದ ತೋಟ ಮಾತ್ರ ಪಚ್ಚೆಕಲ್ಲಿನ ಹಾಗೆ ಹೊಳೆಯುತ್ತದೆ. ಎರಡು ಕಾಲದ ಚಿತ್ರ ಪಕ್ಕಪಕ್ಕ ಇಟ್ಟರೆ ಯಾವುದು ತೋಟ, ಯಾವುದು ಎಲೆ ಉದುರುವ ಕಾಡು ಅಂತ ನಮ್ಮನೆ ಆರನೇ ಕ್ಲಾಸಿನ ಹುಡುಗಿ ಹೇಳುತ್ತಾಳೆ. ಹೇಳಿಯೂ ಇದ್ದಾಳೆ.

ಈಗ ಹೆಡ್‌ಲೈನಿಗೆ ಬನ್ನಿ. ಸರ್ವೇಕ್ಷಣಾ ಸಂಸ್ಥೆಯ 2019ರ ವರದಿಯಲ್ಲಿ ಅರಣ್ಯ ಹೊದಿಕೆ ಹೆಚ್ಚಿಸಿದ ರಾಜ್ಯಗಳಲ್ಲಿ ಕರ್ನಾಟಕ ಫಸ್ಟು, 1,025 ಚದರ ಕಿಲೋಮೀಟರ್. ಎರಡು ವರ್ಷದಲ್ಲಿ! ಎಷ್ಟು ಲೈಕು, ಎಷ್ಟು ಹೂಗುಚ್ಛ. 2024ರ ಡಿಸೆಂಬರಿನಲ್ಲಿ ಹೊರಬಂದ ವರದಿಯಲ್ಲಿ ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ಪ್ರದೇಶದ್ದೇ ಹತ್ತು ವರ್ಷದ ಲೆಕ್ಕವಿದೆ. ಒಟ್ಟಾರೆ 58 ಚದರ ಕಿಲೋಮೀಟರ್ ಇಳಿಕೆ. ಅಷ್ಟೇನಾ ಅನ್ನಿಸುತ್ತದೆ ಅಲ್ಲವಾ? ಒಳಗೆ ಬಿಡಿಸಿದರೆ ಮಧ್ಯಮ ಕಾಡು ಸಾವಿರ ಚಿಲ್ಲರೆ, ತೆಳು ಕಾಡು ಎರಡೂವರೆ ಸಾವಿರದ ಹತ್ತಿರ ಕಮ್ಮಿಯಾಗಿ, ಅತಿ ದಟ್ಟ ಕಾಡು 3,465 ಚದರ ಕಿಲೋಮೀಟರ್ ಹೆಚ್ಚಾಗಿದೆ. ಇಡೀ ಕೊಡಗು ಜಿಲ್ಲೆ ಇರುವುದೇ 4,100 ಚಿಲ್ಲರೆ. ಹೆಚ್ಚಾದ ಆ 3,465ರಲ್ಲಿ ನಿಜವಾಗಿ ಸುಧಾರಿಸಿಕೊಂಡ ಕಾಡು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದೆಷ್ಟು, ಕೊಂಬೆ ಕೂಡಿಕೊಂಡ ನೆಡುತೋಪು ಎಷ್ಟು, ಅಂತ ಬಿಡಿಸಿ ಹೇಳುವ ಕಾಲಂ ಆ ಪಟ್ಟಿಯಲ್ಲಿಲ್ಲ ಅಂತ ಹೇಳುತ್ತಿದ್ದೇನೆ.

ಇನ್ನೊಂದು ಕಡೆ ಕುದುರೆಮುಖ, ಬಾಬಾಬುಡನ್‌ಗಿರಿಯ ಹುಲ್ಲುಗಾವಲು. ಸಾವಿರಾರು ವರ್ಷದಿಂದ ಹುಲ್ಲೇ ಆಗಿರುವ ನೆಲ, ಹೊಳೆಗಳ ತವರು. ಮರ ಇಲ್ಲ, ಹಾಗಾಗಿ ಲೆಕ್ಕದಲ್ಲಿ ಅರಣ್ಯ ಹೊದಿಕೆ ಅಲ್ಲ. ನಾಳೆ ಯಾರಾದರೂ ಅಲ್ಲಿ ಅಕೇಶಿಯಾ ನೆಟ್ಟು ಹುಲ್ಲು ಸಾಯಿಸಿದರೆ ಆಗ ಅರಣ್ಯ ಹೆಚ್ಚಿತು. ನಗಬೇಡಿ.

ಇಷ್ಟಕ್ಕೇ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಉರಿಯುವುದು ಯಾಕೆಂದರೆ, ಅದೇ ಭಾವ, ಅದೇ ಜಗುಲಿ, ಹತ್ತು ವರ್ಷದ ಹಿಂದೆ, ಪಶ್ಚಿಮ ಘಟ್ಟದ ಸೂಕ್ಷ್ಮ ಜಾಗ ಗುರುತಿಸಿ ಉಳಿಸಿ ಎಂದ ಕಸ್ತೂರಿರಂಗನ್ ವರದಿ ವಿರುದ್ಧ ಸಭೆ ಮಾಡಿದಾಗ ಎದೆ ಬಡಿದುಕೊಂಡು ಹೇಳಿದ್ದು ಏನು ಗೊತ್ತಾ? "ಸ್ಯಾಟಲೈಟಿಗೆ ಎಂತ ಗೊತ್ತಾಗ್ತು? ನಮ್ಮ ತೋಟಾನೇ ಕಾಡು ಹೇಳಿ ತೋರ್ಸಿದ್ದ!" ಊರೂರಿನಲ್ಲಿ ಅದೇ ಮಾತು. ಪಕ್ಷಭೇದ ಇಲ್ಲದೆ ಶಾಸಕರ ಬಾಯಲ್ಲೂ ಅದೇ ಮಾತು. ಅಡಿಕೆ, ಕಾಫಿ, ರಬ್ಬರ್ ಎಲ್ಲವನ್ನೂ ಕಾಡು ಅಂತ ಎಣಿಸಿದ್ದಾರೆ, ಉಪಗ್ರಹ ಚಿತ್ರ ನಂಬುವಂತಿಲ್ಲ. ಆ ವರದಿ ಹಿಡಿದು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇತ್ತು. 2024ರ ಸೆಪ್ಟೆಂಬರ್ 26ರಂದು ನಮ್ಮ ಸಂಪುಟ ವರದಿಯನ್ನೇ ತಿರಸ್ಕರಿಸಿತು.

ಅಂದರೆ ಉಪಗ್ರಹ ನಮ್ಮ ತೋಟವನ್ನು ಕಾಡು ಎಂದರೆ ಹೂಗುಚ್ಛ ಕೊಡುವ ದಿನ ಒಂದು, ಕಲ್ಲು ಹೊಡೆಯುವ ದಿನ ಒಂದು. ಕಾಡು ಎಷ್ಟಿದೆ ಅಂದರೆ ತೋಟ ಸೇರಿಸಿ ಹೇಳುತ್ತೇವೆ. ಕಾಡು ಉಳಿಸಿ ಅಂದರೆ ಅಯ್ಯೋ ಅದು ತೋಟ. ಮಜಾ ಏನೆಂದರೆ ಸರ್ವೇಕ್ಷಣಾ ಸಂಸ್ಥೆ, ಕಸ್ತೂರಿರಂಗನ್ ಸಮಿತಿ ಈ ಎರಡರಲ್ಲಿ ತೋಟವನ್ನು ಬೇರೆ ಮಾಡಲು ಪ್ರಯತ್ನಪಟ್ಟದ್ದು ಕಸ್ತೂರಿರಂಗನ್ ಸಮಿತಿಯೇ. ಇಸ್ರೋ ಅಧ್ಯಕ್ಷರಾಗಿದ್ದವರು, 1979ರ ಭಾಸ್ಕರ ಉಪಗ್ರಹದ ಯೋಜನೆ ನಡೆಸಿದವರು, ಚಿತ್ರ ಓದಲು ಬಾರದವರಲ್ಲ. ಘಟ್ಟವನ್ನು 'ನೈಸರ್ಗಿಕ', 'ಸಾಂಸ್ಕೃತಿಕ' ಅಂತ ಎರಡು ಮಾಡಿ, ತೋಟ ಗದ್ದೆ ಊರುಗಳನ್ನು ಎರಡನೆಯದಕ್ಕೆ ಹಾಕಿ, ಸುಮಾರು ಶೇ. 37 ಭಾಗವನ್ನು ಮಾತ್ರ ಸೂಕ್ಷ್ಮ ಅಂದರು. ಹಾಂ, ಊರನ್ನೇ ಘಟಕ ಮಾಡಿದ್ದರಿಂದ ಶೇ. 20ರಷ್ಟು ಸೂಕ್ಷ್ಮ ಜಾಗ ಇದ್ದರೆ ಇಡೀ ಊರಿನ ಹೆಸರು ಪಟ್ಟಿಗೆ ಬಂತು. ಅಲ್ಲಿ ಜನರ ಸಿಟ್ಟಿಗೆ ಅರ್ಥ ಇದೆ, ಒಪ್ಪುತ್ತೇನೆ. ಆದರೆ ಆ ಸಿಟ್ಟಿನ ಭಾಷಣಗಳಲ್ಲಿ ಈ ಶೇ. 20ರ ಮಾತು ನಾನು ಒಂದು ಸಲವೂ ಕೇಳಲಿಲ್ಲ.

ಈಗ ಯಾರೋ ಕಾಮೆಂಟಿನಲ್ಲಿ ಬರೆಯುತ್ತಾರೆ, ಗೊತ್ತು. ಸಾರ್, ಅಡಿಕೆ ತೋಟವೂ ಮರವೇ ಅಲ್ಲವಾ, ಬೆಂಗಳೂರಿನ ಕಾಂಕ್ರೀಟಿಗಿಂತ ವಾಸಿ ತಾನೇ, ಇಂಗಾಲ ಹೀರುತ್ತದೆ ತಾನೇ? ವಾಸಿ. ಖಂಡಿತ ವಾಸಿ. ಹಸುವೂ ಆನೆಗಿಂತ ಒಳ್ಳೆಯ ಪ್ರಾಣಿ, ಆದರೆ ಆನೆ ಗಣತಿಯಲ್ಲಿ ಹಸು ಎಣಿಸುತ್ತೀರಾ? ಇನ್ನೊಬ್ಬರು, ಇದು ಅಂತಾರಾಷ್ಟ್ರೀಯ ವ್ಯಾಖ್ಯೆ ಸಾರ್ ಅನ್ನುತ್ತಾರೆ. ಅಲ್ಲ ಸಾರ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಲ್ಲೂ ಶೇ. 10 ಇದೆ, ಆದರೆ ಕೃಷಿಗಾಗಿ ಬೆಳೆದ ಮರಗಳನ್ನು, ಹಣ್ಣಿನ ತೋಟವನ್ನು, ತಾಳೆ ತೋಟವನ್ನು ಅದು ಬಿಡಿಸಿ ಹೊರಗಿಡುತ್ತದೆ. ನಾವು ಶೇ. 10 ಮಾತ್ರ ತಂದೆವು, ಮುಂದಿನ ಸಾಲನ್ನು ತರಲಿಲ್ಲ. ಭಾವನ ಫಾರ್ವರ್ಡಿನ ಹಾಗೆಯೇ.

ತಂತ್ರಜ್ಞಾನ ಇಲ್ಲ ಅನ್ನುವ ನೆಪವೂ ಹಳೆಯದಾಯಿತು. 1988ರಲ್ಲಿ ಬೈಕನೂರಿನಿಂದ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹಕ್ಕೆ ಒಂದು ಜಾಗಕ್ಕೆ ಮರಳಲು 22 ದಿನ ಬೇಕಿತ್ತು, ಅದರ ಒಂದು ಕ್ಯಾಮೆರಾದ ಚುಕ್ಕಿ 72.5 ಮೀಟರ್ ಇತ್ತು. ಈಗ ಯುರೋಪಿನ ಸೆಂಟಿನೆಲ್-2 ಐದು ದಿನಕ್ಕೊಮ್ಮೆ 10 ಮೀಟರ್ ಚಿತ್ರ ಪುಕ್ಕಟೆ ಕೊಡುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್ ಮೇಲೆ ಹೋಯಿತು, ಅದರ ರೇಡಾರ್ ಮೋಡ ದಾಟಿ ನೋಡುತ್ತದೆ, ಉದ್ದ ಅಲೆಯದ್ದು ಎಲೆ ದಾಟಿ ಕೊಂಬೆ ಕಾಂಡದವರೆಗೂ ಇಳಿಯುತ್ತದೆ. ಅಷ್ಟೆಲ್ಲ ಯಾಕೆ, ಈ ದೇಶದಲ್ಲಿ ದೂರಸಂವೇದಿ, ಅಂದರೆ ಮೇಲಿನಿಂದ ಚಿತ್ರ ತೆಗೆದು ನೆಲ ಓದುವ ಕಸುಬು, ಶುರುವಾದದ್ದೇ ತೆಂಗಿನ ಮರ ನೋಡಿ! 1970ರ ಆಸುಪಾಸಿನಲ್ಲಿ ವಿಜ್ಞಾನಿ ಪಿ. ಆರ್. ಪಿಶಾರೋಟಿಯವರ ತಂಡ ಕೇರಳದ ಕಾಯಂಕುಳಂ ಕಡೆ ಹೆಲಿಕಾಪ್ಟರಿನಲ್ಲಿ ಅವಗೆಂಪು ಫಿಲ್ಮ್ ಹಾಕಿದ ಕ್ಯಾಮೆರಾ ಒಯ್ದು ಬೇರು ಸೊರಗು ರೋಗ ಹಿಡಿದ ತೆಂಗನ್ನು ಮೇಲಿನಿಂದ ಗುರುತಿಸಿತು. ಐವತ್ತು ವರ್ಷದ ಹಿಂದೆ ರೋಗದ ತೆಂಗು ಯಾವುದು, ಗಟ್ಟಿ ತೆಂಗು ಯಾವುದು ಹೇಳಿದವರಿಗೆ ಇವತ್ತು ಅಡಿಕೆ ಯಾವುದು, ಹೆಬ್ಬಲಸು ಯಾವುದು ಗೊತ್ತಾಗುವುದಿಲ್ಲವಾ?

ಗೊತ್ತಾಗುತ್ತದೆ. ನಾನೇ ಮಾಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಾಜೆಕ್ಟಿಗೆ ಜಿಪಿಎಸ್ ಹಿಡಿದು ಘಟ್ಟ ಸುತ್ತಿದೆ. ಪರದೆಯಲ್ಲಿ 'ನಿತ್ಯಹರಿದ್ವರ್ಣ' ಅಂತ ಬಣ್ಣ ಬಳಿದ ಜಾಗಕ್ಕೆ ಹೋಗಿ ನಿಂತರೆ ಎದುರಿಗೆ ತೋಟದ ದಣಪೆ, ಒಳಗಿನಿಂದ ನಾಯಿ ಬೊಗಳುವುದು. ವಾಪಸು ಬಂದು ತೋಟಕ್ಕೆ ಬೇರೆ ವರ್ಗ ಮಾಡಿ ಕೊಟ್ಟೆ. ಕಾಡು ಎದ್ದು ಕಾಣುವಷ್ಟು ಇಳಿಯಿತು. ಮೇಲಿನವರು ನೋಡಿ, "ಕ್ಲಾಸ್ ಜಾಸ್ತಿ ಆಯ್ತು, ಮರ್ಜ್ ಮಾಡಿ" ಅಂದರು. ಮರ್ಜ್ ಮಾಡಿದೆ. ಎರಡು ಕ್ಲಿಕ್. ಆ ನಕ್ಷೆಯ ಮೂಲೆಯಲ್ಲಿ ಸಿದ್ಧಪಡಿಸಿದವರು ಅಂತ ಸಣ್ಣಕ್ಷರದಲ್ಲಿ ನನ್ನ ಹೆಸರೇ ಇದೆ.

ಸಿದ್ದಾಪುರದ ಕಡೆಯ ಕತ್ತಲೆಕಾನು ಕಾಡಿಗೆ ಹೋದವರಿಗೆ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜವುಗು ಕಾಡು, ಗೊತ್ತು. ಹಳ್ಳದ ನೀರಿನಲ್ಲಿ ಮಂಡಿ ಮಡಚಿದ ಹಾಗೆ ಬೇರು ಎತ್ತಿ ನಿಂತ ಮರಗಳು, ಮಧ್ಯಾಹ್ನವೂ ಸಂಜೆಯ ಬೆಳಕು, ಮೇಲೆ ಸಿಂಗಳೀಕ. ಅಂಥ ಜಡ್ಡಿ ಎಷ್ಟೋ ಕಡೆ ಒಂದು ಹೆಕ್ಟೇರೂ ಇರುವುದಿಲ್ಲ, ಸಪೂರ ಪಟ್ಟಿಯ ಹಾಗೆ ಹಳ್ಳದುದ್ದಕ್ಕೂ ಹೋಗಿರುತ್ತದೆ. ಅದನ್ನು ಕಡಿದು ಕಾಲುವೆ ತೆಗೆದು ಅಡಿಕೆ ಹಾಕಿದರೆ ಮೇಲಿನ ಲೆಕ್ಕದಲ್ಲಿ ಒಂದು ಚುಕ್ಕಿಯೂ ಅಲುಗುವುದಿಲ್ಲ. ನಮ್ಮ ಕಣಿವೆಯ ತೋಟಗಳಲ್ಲಿ ಎಷ್ಟು ಹೀಗೇ ಹುಟ್ಟಿದವೋ. ಸದಾ ನೀರು, ಸದಾ ನೆರಳು ಇರುವ ಜಾಗ ಅಡಿಕೆಗೂ ಬೇಕು, ರಾಮಪತ್ರೆಗೂ ಬೇಕು.

ಬರೆಯಬಾರದು ಅಂದುಕೊಂಡಿದ್ದೆ, ಬರೆದೇ ಬಿಡುತ್ತೇನೆ. ಭಾವನ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬಂದವನು ರಾತ್ರಿ ಗೂಗಲ್ ಅರ್ಥ್ ತೆಗೆದು ನಮ್ಮನೆ ಜಾಗಕ್ಕೇ ಹೋದೆ. ಹಳೆಯ ಚಿತ್ರಕ್ಕೆ ಹೋಗುವ ಗುಂಡಿ ಎಳೆಯುತ್ತಾ ಹೋದೆ. ಹದಿನೈದು ವರ್ಷದ ಹಿಂದೆ ತೋಟದ ಮೇಲ್ತಲೆಗೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಹೂಕೋಸಿನ ಹಾಗೆ ಗಂಟುಗಂಟಾದ ಮರದ ತಲೆಗಳು. ಈಗ ಅಲ್ಲಿ ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲು. ಸುಮಾರು ಮುಕ್ಕಾಲು ಎಕರೆ. ನಾವೇ ಮಾಡಿದ್ದು. ಅಡಿಕೆಗೆ ದರ ಬಂದ ವರ್ಷ ಬೆಂಗಳೂರಿನಿಂದ ದುಡ್ಡು ಕಳಿಸಿದವನು ನಾನೇ, ಪೈಪಿಗೆ, ಜೆಸಿಬಿಗೆ.

ಬೆಳಿಗ್ಗೆ ಅಪ್ಪಯ್ಯನಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿ ಬಹಳ ಹೊತ್ತು ಹಳೆಯ ಚಿತ್ರವನ್ನೇ ನೋಡಿದ. ಆಮೇಲೆ ಒಂದು ದೊಡ್ಡ ಗಂಟಿನ ಮೇಲೆ ಬೆರಳಿಟ್ಟು, "ಅಪ್ಪೆಮಿಡಿ ಮರ" ಅಂದ. ಅಮ್ಮ ಇದ್ದಾಗ ವರ್ಷದ ಉಪ್ಪಿನಕಾಯಿ ಆಗುತ್ತಿದ್ದದ್ದು ಅದರಿಂದಲೇ. ಬೆರಳು ಹತ್ತಿರ ಹತ್ತಿರ ಒತ್ತಿದ್ದಕ್ಕೆ ಚಿತ್ರ ಮಸುಕಾಗಿ ಬರೀ ಚೌಕಚೌಕ ಚುಕ್ಕಿಗಳಾದವು. ಫೋನು ನನ್ನ ಕೈಗೆ ಕೊಟ್ಟು, ಕರೆಂಟು ಹೋಗುವುದರೊಳಗೆ ಮೋಟರ್ ಹಾಕಬೇಕು ಅಂತ ಎದ್ದು ಹೋದ.