ನೈಟೀಲೇ ಆಯ್ತು ಈ ಸಲದ ದೀಪಾವಳಿ
ಹಬ್ಬದಲ್ಲಿ ಬಾಣಂತೀರು ಒಂದು ಮೂಲೇಲಿ ಒಂಟಿ ಆಗ್ಬಿಡ್ತಾರೆ ಅಂತ ಒಬ್ರು ಬರ್ದಿದ್ದು ಓದ್ದೆ, ಇರ್ಬಹುದು, ಆದ್ರೆ ನಂಗೆ ಉಲ್ಟಾ ಆಯ್ತು. ತವರಲ್ಲಿದೀನಿ, ಚೊಚ್ಚಲು. ನೀರು ತುಂಬೋ ಹಬ್ಬದ ಸಂಜೆ ಅಪ್ಪ ಬಚ್ಚಲ ಹಂಡೆ ತಿಕ್ಕಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳೀತಿದ್ರು, ಅಮ್ಮ ಎಲ್ರಿಗೂ ಹೋಳಿಗೆ ಬೇಯಿಸ್ತಾ ನಂಗೆ ಮಾತ್ರ ಮೆಣಸಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕ್ತಿದ್ರು, ಅಷ್ಟರಲ್ಲಿ ನಮ್ಮನೆಯವ್ರು ಬೆಂಗ್ಳೂರಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದು ಸೀದಾ ಮಗು ಎತ್ಕೊಳ್ಳೋಕೆ ಹೋದ್ರು (ಮೊದ್ಲು ಕೈಕಾಲು ತೊಳ್ಕೊಂಡ್ ಬನ್ನಿ ಅಂತ ಅಜ್ಜಿ ಹತ್ರ ಬೈಸ್ಕೊಂಡ್ರು ಬಿಡಿ). ಹೊಸ ಸೀರೆ ಇಲ್ಲ, ನಿದ್ದೆ ಮೊದ್ಲೇ ಇಲ್ಲ, ಬೀದಿ ಹುಡುಗ್ರ ಪಟಾಕಿಗೆ ಕಂದ ಬೆಚ್ಚಿಬೀಳ್ತಿತ್ತು. ಆದ್ರೂ ಯಾರಾದ್ರೂ "ನೀ ಮಲ್ಕೋ, ನಾ ನೋಡ್ಕೋತೀನಿ" ಅಂದ್ರೆ ಸಾಕು ಕಣ್ಣಲ್ಲಿ ನೀರು ಬರತ್ತೆ. ದೇವ್ರು ದೊಡ್ಡೋನು. ಇವ್ರಿಗೆ ಆಫೀಸಲ್ಲಿ ಇನ್ನೆರಡು ದಿನ ರಜ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು ಅಷ್ಟೇ.