ಸತ್ಯಾಂಶ: ಯಹೂದಿಗಳನ್ನು ಬೈಯಲು ಕೆನಡಾ ಸರ್ಕಾರ ದುಡ್ಡು ಕೊಟ್ಟಿತೇ?

‘ಯಹೂದಿಗಳನ್ನು ಬೈಯಲೆಂದೇ ಕೆನಡಾ ಸರ್ಕಾರ ಹಣ ಕೊಟ್ಟಿತು, ಗೊತ್ತಾದ ಮೇಲೂ ಸುಮ್ನೆ ಕೂತಿತು’ ಎಂಬ ಫಾರ್ವರ್ಡ್ ನೋಡಿರಬಹುದು. ಹಣ ಹೋಗಿದ್ದು ನಿಜ. ಉಳಿದದ್ದು ಹಾಗಿಲ್ಲ.

ಕಮ್ಯೂನಿಟಿ ಮೀಡಿಯಾ ಅಡ್ವೊಕಸಿ ಸೆಂಟರ್ ಎಂಬ ಸಂಸ್ಥೆಗೆ ಮಂಜೂರಾಗಿದ್ದು 1,33,000ಕ್ಕೂ ಹೆಚ್ಚು ಡಾಲರ್. ಅದು ಪ್ರಸಾರ ಮಾಧ್ಯಮದಲ್ಲಿ ಜನಾಂಗೀಯ ತಾರತಮ್ಯ ಕಡಿಮೆ ಮಾಡುವ ಯೋಜನೆಗೆ! ಅದರ ಹಿರಿಯ ಸಲಹೆಗಾರರ ಟ್ವೀಟ್‌ಗಳು ಯಹೂದಿಗಳನ್ನು ಹೀನಾಯವಾಗಿ ನಿಂದಿಸಿವೆ ಎಂಬ ಆರೋಪ ಬಂತು. ಎಲ್ಲ ಯಹೂದಿಗಳ ಬಗ್ಗೆ ಹೇಳಿದ್ದಲ್ಲ ಎಂದು ಆ ಸಲಹೆಗಾರರ ವಕೀಲರು ವಾದಿಸಿದರು.

2022ರ ಆಗಸ್ಟ್‌ನಲ್ಲಿ ಕೆನಡಾದ ಆಗಿನ ವೈವಿಧ್ಯ ಖಾತೆ ಸಚಿವ ಅಹ್ಮದ್ ಹುಸೇನ್ ಹಣ ತಡೆಹಿಡಿದರು. ಆಮೇಲೆ ಒಪ್ಪಂದವೇ ರದ್ದಾಯಿತು. ಸುಮಾರು 1,22,000 ಡಾಲರ್ ವಾಪಸ್ ಕೊಡಿ ಎಂದು ಇಲಾಖೆ ಕೇಳಿತು.

ಹಾಗಂತ ಸರ್ಕಾರದ ತಪ್ಪಿಲ್ಲ ಅಂತಲ್ಲ. ವಿಷಯ ಬಯಲಾಗುವ ಮುಂಚೆಯೇ ಆಡಳಿತ ಪಕ್ಷದ ಸಂಸದ ಆಂಥನಿ ಹೌಸ್‌ಫಾದರ್ ಸಚಿವರನ್ನು ಎಚ್ಚರಿಸಿದ್ದರು. ಅರ್ಜಿ ನೋಡಿದವರು ಟ್ವಿಟರ್ ಖಾತೆಯನ್ನೂ ಒಮ್ಮೆ ನೋಡಬೇಕಿತ್ತು, ಅಲ್ವಾ? ಎಡವಿದ್ದು ಅಲ್ಲಿ. ಅನುದಾನ ಕೇಳುವವರು ದ್ವೇಷ ಹರಡುವುದಿಲ್ಲ ಎಂದು ಬರೆದುಕೊಡಬೇಕು, ತಪ್ಪಿದರೆ ಹಣ ಹಿಂಪಡೆಯಬಹುದು ಎಂಬ ಷರತ್ತು ಬಂದದ್ದು ಈ ಗಲಾಟೆಯ ನಂತರವೇ.