ಸುಮ್ನೆ ಒಂದ್ಸಲ ಕಣ್ಣಾಡ್ಸಿ ಮೇಡಂ

ಶುಕ್ರವಾರ ಸಂಜೆ ಬರೋ ಮೇಲ್‌ಗಳನ್ನ ಬ್ಯಾನ್ ಮಾಡೋ ಕಾನೂನು ಯಾರಾದ್ರೂ ತರ್ರಪ್ಪ. 68 ಪೇಜಿನ ಅಗ್ರಿಮೆಂಟು, ಜೊತೆಗೆ ಒಂದೇ ಸಾಲು, "ಕಸ್ಟಮರ್‌ದು ಸ್ಟ್ಯಾಂಡರ್ಡ್ ಟೆಂಪ್ಲೇಟ್ ಮೇಡಂ, ಸುಮ್ನೆ ಒಂದ್ಸಲ ಕಣ್ಣಾಡ್ಸಿ, ಇವತ್ತೇ ಸೈನ್ ಆಗ್ಬೇಕು". ರೇಟಿಗೆ ತಿಂಗಳುಗಟ್ಲೆ ಜಗ್ಗಾಡಿದಾರೆ, ಲಾಯರ್ ನಾನು ಮಾತ್ರ ರಾತ್ರಿಯೊಳಗೆ ಓದಿ ಮುಗಿಸ್ಬೇಕು.

ಕ್ಲೈಂಟು ಸಣ್ಣ ಸಾಫ್ಟ್‌ವೇರ್ ಕಂಪನಿ (ಎಚ್‌ಎಸ್‌ಆರ್ ಲೇಔಟಲ್ಲಿ ಅಂಥವು ಗಲ್ಲಿಗೊಂದಿವೆ, ಹುಡುಕಕ್ಕೆ ಹೋಗ್ಬೇಡಿ), ವರ್ಷದ ಫೀಸು 40 ಲಕ್ಷ. ಸರಿ, ಕಣ್ಣಾಡ್ಸಿದೆ. ಏನೇ ಆದ್ರೂ ನಮ್ಮೋರ ಲಯಬಿಲಿಟಿ (ನಷ್ಟ ಕಟ್ಟಿಕೊಡೋ ಹೊಣೆ) ಒಂದು ವರ್ಷದ ಫೀಸು ದಾಟಲ್ಲ ಅಂತ ಚೆಂದಾಗಿ ಬರ್ದಿದಾರೆ, ಸೇಲ್ಸ್‌ನೋರು ಅಷ್ಟು ಓದಿ ಖುಷಿಯಾಗಿದಾರೆ. ಅದರ ಬಾಲದಲ್ಲಿ ಇನ್ನೊಂದು ಸಾಲು: ಡೇಟಾ ಇಂಡೆಮ್ನಿಟಿಗೆ, ಅಂದ್ರೆ ಡೇಟಾ ವಿಷ್ಯದಲ್ಲಿ ಕಸ್ಟಮರ್‌ಗೆ ಆಗೋ ನಷ್ಟ ನಾವೇ ತುಂಬಿಕೊಡ್ತೀವಿ ಅನ್ನೋ ಮಾತಿಗೆ, ಈ ಕ್ಯಾಪ್ (ಮಿತಿ) ಇಲ್ಲ. 2023ರ ಡೇಟಾ ಕಾಯ್ದೇಲಿ, ಸರಿಯಾಗಿ ಕಾಪಾಡದೆ ಡೇಟಾ ಸೋರಿದ್ರೆ 250 ಕೋಟಿವರೆಗೂ ದಂಡ ಹಾಕಬಹುದು. ಅದು ಬೀಳೋದು ಜನರ ಡೇಟಾ ತಗೊಂಡ ಆ ದೊಡ್ಡ ಕಸ್ಟಮರ್ ಕಂಪನಿ ಮೇಲೆ, ಆದ್ರೆ ಈ ಒಂದು ಸಾಲಿಂದ ಪೂರ್ತಿ ನಮ್ಮೋರ ತಲೆಗೆ ಕಟ್ಟಿದಾರೆ. 40 ಲಕ್ಷದ ಕೆಲಸಕ್ಕೆ! ಸುಮ್ನೆ ಕಣ್ಣಾಡ್ಸ್‌ಬೇಕಂತೆ.

ಪೇಮೆಂಟು ಬೇರೆ 90 ದಿನ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಕಂಪನಿಗಳಿಗೆ 45 ದಿನ ಮೀರೋ ಹಾಗಿಲ್ಲ, ಅಗ್ರಿಮೆಂಟಲ್ಲಿ ಏನೇ ಬರ್ಕೊಂಡ್ರೂ. ಆದ್ರೆ ಅಷ್ಟು ದೊಡ್ಡ ಕಸ್ಟಮರ್ ಮೇಲೆ ಯಾವ ಪುಣ್ಯಾತ್ಮ ಕಂಪ್ಲೇಂಟ್ ಕೊಡ್ತಾನೆ?

ಫೋನಲ್ಲಿ ಕ್ಲೈಂಟಿನ ಫೌಂಡರ್ ಸಾಹೇಬ್ರು ನಂಗೇ ಪಾಠ. "ಕಾಂಟ್ರಾಕ್ಟ್ ಆಕ್ಟ್ 74ನೇ ಸೆಕ್ಷನ್ ಇದ್ಯಲ್ಲ ಮೇಡಂ, ಎಷ್ಟೇ ಬರ್ದಿದ್ರೂ ಕೋರ್ಟು ನ್ಯಾಯವಾಗಿರೋದಷ್ಟೇ ಕೊಡ್ಸೋದು". ಸ್ವಾಮಿ, ಅದು ಕರಾರು ಮುರಿದ್ರೆ ಇಷ್ಟು ಅಂತ ಮೊದಲೇ ಬರ್ದಿಟ್ಟ ಮೊತ್ತಕ್ಕೆ. ಇಂಡೆಮ್ನಿಟಿ 124ರದ್ದು, ಅದ್ರ ದಾರೀನೇ ಬೇರೆ.

ಲಾಯರ್‌ಗಳು ಗಂಟೆ ಲೆಕ್ಕದ ಬಿಲ್ಲಿಗೋಸ್ಕರ ಡೀಲ್ ಎಳೀತಾರೆ ಅಂತ ಕಾಮೆಂಟ್ ಬರತ್ತೆ, ಗೊತ್ತು. ಎಳೆಯೋರಿದಾರೆ, 'ಶಲ್' ತೆಗೆದು 'ವಿಲ್' ಹಾಕಿ ಬಿಲ್ ಮಾಡೋರು. ಅವ್ರ ಹತ್ರಾನೇ ಹೋಗಿ, ಯಾರು ಬೇಡ ಅಂದ್ರು.

ಸೇಲ್ಸ್‌ನೋರನ್ನ ಕಂಡ್ರೆ ಹೊಟ್ಟೆಕಿಚ್ಚೂ ಇದೆ ನಂಗೆ, ಸುಳ್ಯಾಕೆ. ಡೀಲ್ ಆದ್ರೆ ಅವ್ರಿಗೆ ಗೋವಾ ಟ್ರಿಪ್ಪು, ಕೈಕೊಟ್ರೆ "ಲೀಗಲ್‌ನೋರು ನೋಡಿದ್ರಲ್ವಾ?".

ಡೇಟಾಗೂ ಎರಡು ವರ್ಷದ ಫೀಸಿನ ಕ್ಯಾಪ್ ಹಾಕಿ ರೆಡ್‌ಲೈನ್ (ತಿದ್ದಿದ ಪ್ರತಿ) ಕಳ್ಸಿದೀನಿ. ಯಾವುದಕ್ಕೂ ಇರ್ಲಿ ಅಂತ ಡೇಟಾ ಸೋರಿದ್ರೆ ನಷ್ಟ ಕಟ್ಟಿಕೊಡೋ ಸೈಬರ್ ಇನ್ಶೂರೆನ್ಸ್ ಇದ್ಯಾ ಅಂತ ಫೌಂಡರ್‌ನ ಕೇಳ್ದೆ.

"ಇದೆ ಮೇಡಂ, ಲ್ಯಾಪ್‌ಟಾಪ್‌ಗಳಿಗೆಲ್ಲಾ ಮಾಡ್ಸಿದೀವಿ" ಅಂದ್ರು.